ಏಲಿಯಮ್ಮನ ಊರು ನೋಡಲು ಹೋದೆ

ಹೆಣ್ಣು ನೋಡಲು ಹೋಗುವ ಹಾಗೆ ನಾನು ಕಳೆದ ತಿಂಗಳು ಒಂದು ಊರು ನೋಡಲು ಹೋಗಿದ್ದೆ.

ನಗಬೇಡಿ. ಹೆಣ್ಣು ನೋಡಲು ಹೋಗುವಾಗ ಮನೆಯವರು ನನ್ನಂಥವಳೊಬ್ಬಳನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಅವರ ಮನೆಯ ಶೀರಾ ತಿಂದ ಮೇಲೂ ಸರಿಯಿಲ್ಲದ್ದನ್ನು ಸರಿಯಿಲ್ಲ ಎಂದು ಹೇಳುವವಳು ಒಬ್ಬಳು ಬೇಕಲ್ಲ? ಅದೇ ಕೆಲಸಕ್ಕೆ ನನ್ನನ್ನು ಕರೆದದ್ದು. ನೋಡಬೇಕಾದ ಊರು ಕೇರಳದಲ್ಲಿ, ಕೋಟ್ಟಯದ ಹತ್ತಿರ. ಕರೆದವಳು ನನ್ನ ನೆರೆಮನೆಯ ಏಲಿಯಮ್ಮ.

ನಮ್ಮ ತೋಟಕ್ಕೂ ಅವಳ ರಬ್ಬರಿಗೂ ನಡುವೆ ಒಂದು ತೋಡು ಹರಿಯುತ್ತದೆ. ಇತ್ತ ನಾನು, ಅತ್ತ ಅವಳು. ನೆಲ್ಯಾಡಿ ಪೇಟೆಯಿಂದ ಎರಡು ಮೈಲು ಒಳಗೆ. ಏಲಿಯಮ್ಮ ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ ಅಪ್ಪ ಅಮ್ಮನ ಜೊತೆ ಲಾರಿಯಲ್ಲಿ ಬಂದವಳು. ಪಾತ್ರೆ, ಮರಗೆಣಸಿನ ಕೋಲು, ಒಂದು ಆಡು, ಒಂದು ಶಿಲುಬೆ. ಅಷ್ಟೇ ಸಾಮಾನು. ಅದಾಗಿ ಐವತ್ತೊಂಬತ್ತು ವರ್ಷ ಆಯಿತು. ಈಗ ಅವಳಿಗೆ ಅರುವತ್ತೆಂಟು, ಗಂಡ ಇಲ್ಲ. ಮಗ ಸಾಜು, ಸೊಸೆ, ಎರಡು ಮಕ್ಕಳು ಅವಳ ಜೊತೆಗೇ ಇದ್ದಾರೆ.

ಇವಳಿಗೆ ಈಗ ಊರು ನೋಡುವ ಉಪದ್ರ ಯಾಕೆ ಹತ್ತಿತು ಎಂದು ಕೇಳುತ್ತೀರಾ? ಹೇಳುತ್ತೇನೆ. ಬೆಂಕಿ ಹಾಕಿದವಳು ನಾನೇ.

ಕಡಬದಲ್ಲಿ ಒಂದು ಮದುವೆ ಇತ್ತು. ನಾವಿಬ್ಬರೂ ಒಟ್ಟಿಗೆ ಹೋಗಿದ್ದೆವು. ಊಟದ ಹಾಲ್‌ನಲ್ಲಿ ನನ್ನ ಸುಳ್ಯದ ಕಡೆಯ ನೆಂಟರು ಸಿಕ್ಕಿದರು. ಇವರು ಯಾರು ಎಂದು ಕೇಳಿದರು. ನಾನು ಯೋಚಿಸದೆ, "ಇವರು ನಮ್ಮ ನೆರೆಮನೆಯ ಕೇರಳದವರು" ಎಂದೆ. ಇದೇನು ಹೊಸತಲ್ಲ. ಮೊದಲಿನಿಂದಲೂ ಹಾಗೇ ಹೇಳಿಕೊಂಡು ಬಂದಿದ್ದೇನೆ. ಬೈಗುಳ ಅಲ್ಲ, ಗುರುತು. ಅವಳೂ ನಕ್ಕಳು. ಹೋಳಿಗೆ ಎರಡು ಹಾಕಿಸಿಕೊಂಡಳು.

ಜೀಪಿನಲ್ಲಿ ವಾಪಸು ಬರುವಾಗ ಹೇಳಿದಳು. "ಅಕ್ಕ, ಕೇರಳದಿಂದ ತಮ್ಮ ಫೋನ್ ಮಾಡಿದ್ದ. ಅವನ ಮನೆ ಪಕ್ಕದ ಜಾಗ ಖಾಲಿ ಉಂಟಂತೆ. ಬಂದು ಮನೆ ಕಟ್ಟಿ ಅಂತ ಹೇಳ್ತಿದ್ದಾನೆ. ನಾನು ಬೇಡ ಅಂತ ಹೇಳಿದ್ದೆ. ಈಗ ಕಾಣ್ತದೆ, ಹೋಗುದೇ ಒಳ್ಳೇದೋ ಏನೋ. ಹೇಗೂ ಕೇರಳದವಳೇ ಅಲ್ಲವಾ."

ನಾವಿಬ್ಬರು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಆ ಮಾತು ಇನ್ನೂ ಸ್ವಲ್ಪ ಹೆಚ್ಚು ಚುಚ್ಚುತ್ತದೆ.

ನನಗೆ ಸಿಟ್ಟು ಬಂತು. (ತಪ್ಪು ನಮ್ಮದೇ ಆದಾಗ ಸಿಟ್ಟು ಬೇಗ ಬರುತ್ತದೆ, ಗಮನಿಸಿದ್ದೀರಾ?) "ಹೋಗುದಾದರೆ ಹೋಗು ಮಾರಾಯ್ತಿ, ನನ್ನ ಹತ್ತಿರ ಎಂತಕ್ಕೆ ಹೇಳುದು" ಎಂದೆ.

ವಿಷಯ ಅಲ್ಲಿಗೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಒಂದು ವಾರ ಕಳೆದ ಮೇಲೆ ಸಾಜು ನಮ್ಮ ಜಗಲಿಗೆ ಬಂದ. ನಾನು ಅಡಿಕೆ ಸುಲಿಯುತ್ತಿದ್ದೆ. ಏಲಿಯಮ್ಮನೂ ಬಂದು ಒಂದು ಮಣೆ ಎಳೆದುಕೊಂಡು ಸುಲಿಯಲು ಕೂತಳು. ಸಾಜು ಮೊಬೈಲಿನಲ್ಲಿ ಒಂದು ಲಿಸ್ಟ್ ಮಾಡಿಕೊಂಡಿದ್ದ. ಎರಡು ಊರು, ಪ್ಲಸ್, ಮೈನಸ್. ಓದಿ ಹೇಳಿದ.

ಕೇರಳದ ಪ್ಲಸ್ಸಿನಲ್ಲಿ ದೊಡ್ಡ ಆಸ್ಪತ್ರೆ, ಹತ್ತು ನಿಮಿಷ. ಮನೆ ಬಾಗಿಲಿನವರೆಗೆ ಡಾಮರು ರಸ್ತೆ. ಇಗರ್ಜಿಗೆ ನಡೆದು ಹೋಗಬಹುದು. ಕರೆಂಟು ಹೋಗುವುದಿಲ್ಲ. ಆನೆ ಇಲ್ಲ. ಅಮ್ಮನಿಗೆ ಒಡಹುಟ್ಟಿದವನ ಜೊತೆ. ಡಾಕ್ಟರು, ನರ್ಸು, ಬಸ್ಸಿನವನು, ಎಲ್ಲರೂ ಮಾತಾಡುವುದು ಅಮ್ಮನ ಭಾಷೆ. ಇಲ್ಲಿಯ ಮೈನಸ್ಸಿನಲ್ಲಿ ಅದೇ ಪಟ್ಟಿ ತಲೆಕೆಳಗೆ.

ಕೇರಳದ ಮೈನಸ್ ಎಂತದು ಎಂದು ಕೇಳಿದೆ.

"ಸದ್ಯಕ್ಕೆ ಒಂದೂ ಇಲ್ಲ ದೊಡ್ಡಮ್ಮ" ಎಂದ.

ನಾನು ಓದಿದ್ದು ಐದನೇ ಕ್ಲಾಸು. ಆದರೂ ಒಂದು ವಿಷಯ ಗೊತ್ತು. ಮೈನಸ್ಸೇ ಇಲ್ಲದ ಊರು ಎಂದರೆ ಪಟ್ಟಿ ಮಾಡಿದವನು ಅಲ್ಲಿ ವಾಸ ಮಾಡಿ ನೋಡಿಲ್ಲ ಎಂದರ್ಥ. ಹಾಗೆಂದು ಸಾಜುವಿನ ಮುಖಕ್ಕೇ ಹೇಳಿದೆ.

ಅವನಿಗೆ ಬೇಸರ ಆಗಲಿಲ್ಲ. ಒಳ್ಳೆಯ ಹುಡುಗ. (ನಲುವತ್ತು ದಾಟಿದೆ, ನನಗೆ ಹುಡುಗನೇ.) ತೀರ್ಮಾನ ಅಮ್ಮನದು ಎಂದ. ಅಮ್ಮ ಹೂಂ ಎಂದರೆ ಇಲ್ಲಿಯ ಜಾಗ ಮಾರಿ ಎಲ್ಲರೂ ಹೋಗುವುದು, ಬೇಡ ಎಂದರೆ ಈ ಮಾತು ಮತ್ತೆ ಎತ್ತುವುದಿಲ್ಲ. ಆದರೆ ಮಾವ ಕ್ರಿಸ್ಮಸ್‌ವರೆಗೆ ಮಾತ್ರ ಕಾಯುತ್ತಾನೆ, ಆ ಜಾಗವನ್ನು ಬೇರೆಯವರೂ ಕೇಳುತ್ತಿದ್ದಾರೆ ಎಂದ.

ಏಲಿಯಮ್ಮ ಸುಲಿಯುತ್ತಿದ್ದ ಅಡಿಕೆಯಿಂದ ಕಣ್ಣೆತ್ತದೆ ಹೇಳಿದಳು. "ನಾನು ಒಂದು ಸಲ ನೋಡಿ ಬರ್ತೇನೆ. ಅಕ್ಕ ಬರಲಿ. ಅವಳು ಮುಖ ನೋಡಿ ಮಾತಾಡುವವಳಲ್ಲ."

ಹಾಗೆ ನಾನು ಹೊರಟದ್ದು.

ಮಂಗಳೂರಿನಿಂದ ಬೆಳಗಿನ ರೈಲು. ಕಾಸರಗೋಡು ದಾಟಿದ ಮೇಲೆ ಏಲಿಯಮ್ಮ ಚಟ್ನಿಯ ಡಬ್ಬಿ ಹುಡುಕಲು ಬ್ಯಾಗಿನೊಳಗೆ ಕೈ ಹಾಕಿದಳು. ಸೀರೆಗಳ ನಡುವೆ ಒಂದು ಬಟ್ಟೆಯ ಗಂಟು. ಬಿಚ್ಚಿದರೆ ರಬ್ಬರ್ ಕೊಯ್ಯುವ ಕತ್ತಿ! ತುದಿ ಬಾಗಿದ, ಮಸೆದು ಮಸೆದು ಅರ್ಧ ಸವೆದ ಅವಳ ಕತ್ತಿ.

ಪೊಲೀಸರು ಕಂಡರೆ ನನ್ನನ್ನೂ ಸೇರಿಸಿ ಇಳಿಸುತ್ತಾರೆ, ಇದು ಯಾಕೆ ತಂದೆ ಎಂದು ಕೇಳಿದೆ. ತಮ್ಮನ ಮರಗಳನ್ನು ಮುಟ್ಟಿ ನೋಡದೆ ಬರುವುದಾ ಎಂದು ನನ್ನನ್ನೇ ಕೇಳಿದಳು. ಇನ್ನೊಬ್ಬರ ಕತ್ತಿಯಲ್ಲಿ ಅವಳು ಕೊಯ್ಯುವುದಿಲ್ಲ, ತನ್ನದನ್ನು ಇನ್ನೊಬ್ಬರಿಗೆ ಕೊಡುವುದೂ ಇಲ್ಲ. ಹಲ್ಲುಜ್ಜುವ ಬ್ರಶ್ಶಿನ ಹಾಗೆ. ಹದಿನೇಳನೆಯ ವಯಸ್ಸಿನಲ್ಲಿ ಹಿಡಿದ ಕೆಲಸ. ಈಗಲೂ ದಿನಕ್ಕೆ ಇನ್ನೂರು ಮರ ಕೊಯ್ಯುತ್ತಾಳೆ, ಅಂದರೆ ತೊಗಟೆ ಗೀರಿ ಹಾಲು ಇಳಿಸುತ್ತಾಳೆ, ಸೂರ್ಯ ಮೇಲೆ ಬರುವ ಮೊದಲು.

ಹೇಳಿಬಿಡುತ್ತೇನೆ, ನನಗೆ ಕೊಯ್ಯಲು ಕಲಿಸಿದವಳೂ ಅವಳೇ. ಅವಳ ಅಪ್ಪ ರಬ್ಬರ್ ಹಾಕಿದಾಗ ನಮ್ಮವರೆಲ್ಲ ತಮಾಷೆ ಮಾಡಿದ್ದರಂತೆ. ಹಾಲು ಕೊಡುವ ಮರವಾದರೆ ಕರುವನ್ನು ಎಲ್ಲಿ ಕಟ್ಟುತ್ತೀರಿ ಎಂದು ನನ್ನ ಮಾವನೇ ಕೇಳಿದ್ದರಂತೆ. ಆಮೇಲೆ ಅಡಿಕೆಗೆ ಹಳದಿ ರೋಗ ಬಂತು. ಗುಡ್ಡೆಯ ಬದಿಗೆ ನಾವೂ ರಬ್ಬರ್ ಹಾಕಿದೆವು. ಸಸಿ ಏಲಿಯಮ್ಮನ ಮನೆಯದು. ಕರುವಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಸ್ಟೇಷನ್ನಿಗೆ ತಮ್ಮ ಕಾರು ತಂದಿದ್ದ. ಅವನ ಹೆಸರು ಬೇಬಿ. ಅರುವತ್ನಾಲ್ಕು ವರ್ಷದ, ದಪ್ಪ ಮೀಸೆಯ ಗಂಡಸು, ಹೆಸರು ಬೇಬಿ. ಆ ಕಡೆ ಹಾಗೆ ಹೆಸರಿಡುವುದು ಉಂಟಂತೆ. ನಗು ಬಂತು, ನುಂಗಿದೆ. ಹೆಣ್ಣು ನೋಡಲು ಹೋದಲ್ಲಿ ಮೊದಲ ದಿನವೇ ನಗಬಾರದು.

ಅಪ್ಪ ಲಾರಿ ಹತ್ತುವಾಗ ಈ ಬೇಬಿಗೆ ಐದು ವರ್ಷ. ಅಜ್ಜಿಗೆ ಜೊತೆ ಬೇಕೆಂದು ಅವನನ್ನು ಅಲ್ಲೇ ಬಿಟ್ಟಿದ್ದರು. ಹಾಗಾಗಿ ಅಕ್ಕ ಒಂದು ರಾಜ್ಯದಲ್ಲಿ, ತಮ್ಮ ಒಂದು ರಾಜ್ಯದಲ್ಲಿ ಮುದಿಯಾದರು. ಅವನು ಅಕ್ಕನ ಕೈ ಹಿಡಿದುಕೊಂಡು ಕಾರಿನವರೆಗೆ ನಡೆದ. ಚೇಚ್ಚಿ, ಚೇಚ್ಚಿ (ಅಕ್ಕ ಎಂದರ್ಥ) ಎಂದು ದಾರಿಯುದ್ದಕ್ಕೂ ಕರೆದ. ಒಳ್ಳೆಯ ಮನುಷ್ಯ. ಅದನ್ನು ನಾನು ಪ್ಲಸ್ಸಿನಲ್ಲಿ ಬರೆದುಕೊಂಡೆ, ಮನಸ್ಸಿನಲ್ಲೇ.

ಊರು ಹೇಗಿತ್ತು? ಸುಳ್ಳು ಹೇಳಲು ನಾನು ಹೋದದ್ದಲ್ಲ. ಚೆನ್ನಾಗಿತ್ತು. ರಸ್ತೆ ನಮ್ಮ ಮನೆಯ ನೆಲದ ಹಾಗೆ ನುಣುಪು. ಆಸ್ಪತ್ರೆಗೆ ನನ್ನನ್ನು ಬೇಕೆಂದೇ ಕರೆದುಕೊಂಡು ಹೋಗಿ ತೋರಿಸಿದರು. ಕಾರು ಹತ್ತಿ ನಾನು ಸೆರಗು ಸರಿಮಾಡುವಷ್ಟರಲ್ಲಿ ಬಂದುಬಿಟ್ಟಿತು. ಆರು ಮಾಳಿಗೆ, ಲಿಫ್ಟು. ನಮ್ಮಲ್ಲಿ ಎದೆ ಹಿಡಿದುಕೊಂಡರೆ ಪುತ್ತೂರು ಮುಟ್ಟಲು ಒಂದು ಗಂಟೆ ಬೇಕು. ಆ ಒಂದು ಗಂಟೆಯನ್ನು ಊರಿನ ಅಭಿಮಾನದಿಂದ ಐವತ್ತು ನಿಮಿಷ ಮಾಡಲು ಆಗುತ್ತದಾ? ಆಗುವುದಿಲ್ಲ.

ಭಾಷೆಯ ವಿಷಯಕ್ಕೆ ಬರುತ್ತೇನೆ. ನನಗೆ ಮಲಯಾಳ ಅರ್ಥವಾಗುತ್ತದೆ. ಏಲಿಯಮ್ಮನ ಗಂಡ ಎಮ್ಮೆಗೆ ಬೈಯುವುದನ್ನು ಇಪ್ಪತ್ತು ವರ್ಷ ಕೇಳಿ ಕಲಿತದ್ದು. ಹಾಗಾಗಿ ಭಾನುವಾರ ಇಗರ್ಜಿಯ ಅಂಗಳದಲ್ಲಿ ಹೆಂಗಸರು ಮಾತಾಡಿದ್ದೂ ಅರ್ಥವಾಯಿತು. ಏಲಿಯಮ್ಮ ಬಾಯಿ ತೆರೆದ ಕೂಡಲೇ ಒಬ್ಬಳು ಪ್ರೀತಿಯಿಂದಲೇ ನಕ್ಕಳು. ಇದು ನಮ್ಮ ಅಜ್ಜಿಯಂದಿರ ಕಾಲದ ಮಾತು, ಈಗ ಹೀಗೆ ಯಾರೂ ಮಾತಾಡುವುದಿಲ್ಲ ಎಂದಳು. ಅಪ್ಪ ಅಮ್ಮ ಲಾರಿಯಲ್ಲಿ ತಂದ ಮಾತನ್ನೇ ಇವಳು ಹಾಗೇ ಇಟ್ಟುಕೊಂಡಿದ್ದಾಳೆ. ನಡುನಡುವೆ ನಮ್ಮ "ಮಾರಾಯ್ತಿ" ಬೇರೆ.

ಆಮೇಲೆ ಬೇಬಿಯ ಹೆಂಡತಿ ಇವಳನ್ನು ಎಲ್ಲರಿಗೂ ಪರಿಚಯಿಸಿದಳು. ಏನೆಂದು ಗೊತ್ತೇ? "ಇದು ನಮ್ಮ ಕರ್ನಾಟಕದ ಚೇಚ್ಚಿ."

ಏಲಿಯಮ್ಮ ನನ್ನ ಮುಖ ನೋಡಿದಳು. ನಾನು ಇಗರ್ಜಿಯ ಗೋಪುರ ನೋಡಿದೆ. ಒಳ್ಳೆಯ ಗೋಪುರ.

ಎರಡು ದಿನ ಕಳೆಯಿತು. ಏಲಿಯಮ್ಮನಿಗೆ ಕೂತು ಕೂತು ಸೊಂಟ ಹಿಡಿಯಿತು. ಕೆಲಸ ಮಾಡಿ ಹಿಡಿಯುವ ಸೊಂಟ ಬೇರೆ, ಕೂತು ಹಿಡಿಯುವುದು ಬೇರೆ. ಅಲ್ಲಿ ಪಾತ್ರೆ ಮುಟ್ಟಲು ಬಿಡುವುದಿಲ್ಲ, ಗುಡಿಸಲು ಬಿಡುವುದಿಲ್ಲ. ಕೂಗಿ ಮಾತಾಡುವ ಹಾಗೂ ಇಲ್ಲ. ನಮ್ಮಲ್ಲಿ ನಾನು ತೋಡಿನ ಈಚೆಯಿಂದ ಒಂದು "ಓ" ಹಾಕಿದರೆ ಅವಳು ಆಚೆಯಿಂದ "ಓ" ಎನ್ನುತ್ತಾಳೆ. ನನಗೆ ಮೊಸರು ಬೇಕೋ, ಸಕ್ಕರೆ ಬೇಕೋ, ಅಷ್ಟರಲ್ಲೇ ಅವಳಿಗೆ ಗೊತ್ತಾಗುತ್ತದೆ. ಅಲ್ಲಿ ಅಭ್ಯಾಸದ ಮೇಲೆ ಅಂಗಳದಿಂದ ಒಂದು "ಓ" ಹಾಕಿದೆ. ಬೇಬಿಯ ಹೆಂಡತಿ ಬಿದ್ದೆನೋ ಎದ್ದೆನೋ ಎಂದು ಓಡಿ ಬಂದಳು. ಪಕ್ಕದ ಮನೆಯ ನಾಯಿ ಅರ್ಧ ಗಂಟೆ ಬೊಗಳಿತು.

ಮೂರನೆಯ ಸಂಜೆ ಏಲಿಯಮ್ಮ ತಮ್ಮನ ಹತ್ತಿರ ನಾಳೆ ಬೆಳಿಗ್ಗೆ ನಿನ್ನ ಮರ ಕೊಯ್ಯುತ್ತೇನೆ ಎಂದಳು. ಬೇಬಿ ನಕ್ಕ. ಕೊಯ್ಯುವವರು ಸಿಗದೆ ಎರಡು ವರ್ಷದಿಂದ ಯಾರೂ ಮುಟ್ಟಿಲ್ಲ, ಬೇಕಾದಷ್ಟು ಕೊಯ್ದುಕೋ ಎಂದ.

ಬೆಳಕು ಹರಿಯುವ ಹೊತ್ತಿಗೆ ನಾವು ರಬ್ಬರಿನೊಳಗೆ ಇದ್ದೆವು. ಅವಳು ಮುಂದೆ ಕತ್ತಿ ಹಿಡಿದು, ನಾನು ಹಿಂದೆ. ಮರಕ್ಕೆ ಸರಿಗೆಯಲ್ಲಿ ಕಟ್ಟಿದ ತೆಂಗಿನ ಗೆರಟೆಗಳು ಮಗುಚಿಕೊಂಡಿದ್ದವು. ಒಳಗೆಲ್ಲ ಎಲೆ, ಇರುವೆ. ಅವನ್ನು ಒರಸಿ, ತಿರುಗಿಸಿ, ಹಾಲು ಬೀಳುವಲ್ಲಿ ಇಡುವುದು ನನ್ನ ಕೆಲಸ.

ಏಲಿಯಮ್ಮ ಕೊಯ್ಯುವುದನ್ನು ನೀವು ನೋಡಬೇಕು. ಮರಕ್ಕೆ ಒಂದು ಕೈ ಇಟ್ಟು ಸುತ್ತ ನಡೆಯುತ್ತಾಳೆ. ಕತ್ತಿಯ ಹಿಂದೆ ಸಿಪ್ಪೆ ಬೀಡಿ ಎಲೆಯ ಹಾಗೆ ತೆಳ್ಳಗೆ ಸುರುಳಿಯಾಗಿ ಬೀಳುತ್ತದೆ. ಒಂದು ಕೂದಲೆಳೆ ಕಡಿಮೆಯಾದರೆ ಹಾಲು ಬರುವುದಿಲ್ಲ. ಒಂದು ಕೂದಲೆಳೆ ಹೆಚ್ಚಾದರೆ ಕತ್ತಿ ಒಳಮರಕ್ಕೆ ತಾಗಿ ಗಾಯ, ಆಮೇಲೆ ಅಲ್ಲಿ ಗಂಟು, ಮತ್ತೆ ಅಲ್ಲಿ ಕೊಯ್ಯುವ ಹಾಗಿಲ್ಲ. ನನ್ನ ಮರಗಳಲ್ಲಿ ಅಂಥ ಗಂಟು ಎಷ್ಟಿಲ್ಲ! ಅವಳ ಮರದಲ್ಲಿ ಒಂದು ಹುಡುಕಿ ಕೊಡಿ ನೋಡುವ.

ಅವಳಿಗೆ ಖುಷಿಯಾಗಿತ್ತು. ನಮ್ಮ ಜಾಗ ಆ ಹಲಸಿನ ಮರದವರೆಗೆ ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ ಎಂದಳು. ಹಲಸಿನ ಮರ ಇಳಿಜಾರಿನ ಕೆಳಗೆ ಕಾಣುತ್ತಿತ್ತು. ಕೊಯ್ಯುತ್ತಾ ಹೋದಳು. ನಾನು ಗೆರಟೆ ಇಡುತ್ತಾ ಹೋದೆ. ಎರಡು ವರ್ಷ ವಿಶ್ರಾಂತಿ ಪಡೆದ ಮರಗಳು. ಹಾಲು ತೊಟ್ಟಿಕ್ಕುವುದಲ್ಲ, ಹರಿಯಿತು. ಎಂಬತ್ತು ಮರ ಆಗಿರಬೇಕು.

ಅಷ್ಟರಲ್ಲಿ ಕೆಳಗಿನಿಂದ ಒಬ್ಬಳು ಹೆಣ್ಣು ಮೇಲೆ ಹತ್ತಿಕೊಂಡು ಬಂದಳು. ಇಪ್ಪತ್ತೇಳು ಇಪ್ಪತ್ತೆಂಟು ವರ್ಷ. ನೈಟಿ, ಹೆಗಲ ಮೇಲೆ ಟವೆಲು, ಕೈಯಲ್ಲಿ ಹಲ್ಲುಜ್ಜುವ ಬ್ರಶ್ಶು. ಆ ಮರ ನೋಡಿದಳು, ಈ ಮರ ನೋಡಿದಳು, ನಮ್ಮಿಬ್ಬರನ್ನು ನೋಡಿದಳು.

ಆಮೇಲೆ ಮೆಲ್ಲಗೆ ಹೇಳಿದಳು. "ಅಮ್ಮಚ್ಚಿ, ಈ ಮರಗಳು ನಮ್ಮದು."

ಅಮ್ಮಚ್ಚಿ ಎಂದರೆ ಅಜ್ಜಿ. ಏಲಿಯಮ್ಮ ಹಲಸಿನ ಮರದ ಕಡೆ ಕೈ ತೋರಿಸಿದಳು. ಆ ಹುಡುಗಿ ತಲೆ ಅಲ್ಲಾಡಿಸಿದಳು. ಬೇಬಿಚ್ಚಾಯನ್, ಅಂದರೆ ಬೇಬಿಯಣ್ಣ, ಈ ಕೆಳಗಿನ ಭಾಗವನ್ನು ನಮ್ಮ ಮನೆಯವರಿಗೆ ಕೊಟ್ಟು ಹನ್ನೊಂದು ವರ್ಷವಾಯಿತು, ಹಲಸಿನ ಮರವೂ ನಮ್ಮದೇ ಎಂದಳು.

ಬೇಬಿ ಮೋಸ ಮಾಡಿದ್ದಲ್ಲ. ಆಗಲೇ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದನಂತೆ. ಅವಳೂ ಸರಿ ಎಂದಿದ್ದಳಂತೆ. ಆ ಸುದ್ದಿ ಕಿವಿಗೆ ಹೋಗಿತ್ತು, ಕಾಲಿಗೆ ಹೋಗಿರಲಿಲ್ಲ. ಕಾಲು ಇನ್ನೂ ಅಪ್ಪ ಹೇಳಿದ ಗಡಿಯಲ್ಲೇ ನಡೆಯುತ್ತಿತ್ತು.

ನಮ್ಮ ಕಡೆ ಇನ್ನೊಬ್ಬರ ಮರ ಕೊಯ್ಯುವುದು ಎಂದರೆ ಇನ್ನೊಬ್ಬರ ಹಟ್ಟಿಗೆ ನುಗ್ಗಿ ಹಸುವಿನ ಹಾಲು ಕರೆದ ಹಾಗೆ. ಅದರಲ್ಲಿ ನನ್ನ ಪಾಲೂ ಇತ್ತು. ಪ್ರತಿಯೊಂದು ಗೆರಟೆ ಇಟ್ಟವಳು ನಾನೇ ಅಲ್ಲವಾ? ಜಗಳವಾದರೆ ಇರಲಿ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಏಲಿಯಮ್ಮನ ಮುಖ ನೋಡಲಿಕ್ಕೆ ಆಗುತ್ತಿರಲಿಲ್ಲ. ತಪ್ಪಾಯಿತು ಮಗಳೇ, ಹಾಲು ಪೂರಾ ನಿನ್ನದೇ, ನಾನೇ ಒಟ್ಟುಮಾಡಿ ಕೊಡುತ್ತೇನೆ ಎಂದಳು. ಅವಳ ಸ್ವರ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದು ಅವಳ ಗಂಡ ಸತ್ತಾಗ, ಆಮೇಲೆ ಆಗಲೇ.

ಆದರೆ ಆ ಹುಡುಗಿ ಜಗಳಕ್ಕೆ ಬಂದವಳಲ್ಲ. ಅವಳು ಒಂದು ಮರದ ಹತ್ತಿರ ಹೋಗಿ ಕೊಯ್ದ ಗೆರೆಯ ಮೇಲೆ ಬೆರಳು ಆಡಿಸಿದಳು. ಇನ್ನೊಂದು ಮರಕ್ಕೆ ಹೋದಳು. ಮೂರನೆಯದಕ್ಕೆ ಹೋದಳು. ಅದು ಅವಳೇ ಕೊಯ್ಯಲು ಹೋಗಿ ಕೆಡಿಸಿದ ಮರವಂತೆ, ಗಂಟುಗಂಟಾಗಿತ್ತು. ಅದರ ಮೇಲೂ ಏಲಿಯಮ್ಮ ಒಳ್ಳೆಯ ಜಾಗ ಹುಡುಕಿ, ಗಾಯ ತಪ್ಪಿಸಿ, ಗೆರೆ ಎಳೆದಿದ್ದಳು. ಹಾಲು ಇಳಿಯುತ್ತಿತ್ತು.

"ಅಮ್ಮಚ್ಚಿ, ಇದನ್ನು ಎಲ್ಲಿ ಕಲಿತದ್ದು?"

"ನೆಲ್ಯಾಡಿಯಲ್ಲಿ" ಎಂದಳು ಏಲಿಯಮ್ಮ.

ನೆಲ್ಯಾಡಿ ಎಲ್ಲಿ ಎಂದು ಅವಳಿಗೆ ಹೇಗೆ ಗೊತ್ತಿರಬೇಕು? ಆಗ ಏಲಿಯಮ್ಮ ಹೇಳಲು ಶುರುಮಾಡಿದಳು. ಅದು ಕರ್ನಾಟಕ, ಬೆಂಗಳೂರಿಗೆ ಹೋಗುವ ರಸ್ತೆಯಲ್ಲಿ ಸಿಗುತ್ತದೆ. ನಮ್ಮಲ್ಲಿ ಮಳೆ ಹೆಚ್ಚು. ನಮ್ಮಲ್ಲಿ ಕತ್ತಿಯನ್ನು ಹೀಗೆ ಮಸೆಯುತ್ತೇವೆ. ನಮ್ಮಲ್ಲಿ ಮರಕ್ಕೆ ಗಾಯವಾದರೆ ಅಪ್ಪ ಊಟ ಕೊಡುತ್ತಿರಲಿಲ್ಲ. ಮೂರು ದಿನದಿಂದ ತಮ್ಮನ ಮನೆಯಲ್ಲಿ ಕೂತು "ಅಲ್ಲಿ ಹಾಗೆ, ಅಲ್ಲಿ ಹೀಗೆ" ಎಂದು ನಮ್ಮ ಊರನ್ನು ದೂರ ಇಟ್ಟು ಮಾತಾಡುತ್ತಿದ್ದವಳು! ಕತ್ತಿ ಕೈಯಲ್ಲಿದ್ದಾಗ ನಮ್ಮಲ್ಲಿ, ನಮ್ಮಲ್ಲಿ, ನಮ್ಮಲ್ಲಿ. ಅವಳ ಸ್ವರ ಮೊದಲಿನ ಹಾಗೆ ಆಯಿತು. ಬೆನ್ನೂ ನೆಟ್ಟಗಾಯಿತು.

ನನಗೆ ಏನಾಯಿತು ಎಂದು ಹೇಳಲೇ? ಜಂಬ ಬಂತು. ರಬ್ಬರ್ ಹುಟ್ಟಿ ಬೆಳೆದ ಸೀಮೆಯ ನಡುವೆ ನಿಂತು ನಮ್ಮ ನೆಲ್ಯಾಡಿಯ ಕೈ ಒಂದು ಹುಡುಗಿಯನ್ನು ಬೆರಗಾಗಿಸಿತಲ್ಲ ಎಂದು. ಆ ಕೈಗೆ ನಾನು ಏನೂ ಕಲಿಸಿಲ್ಲ. ಆದರೂ ಬಂತು.

ಹುಡುಗಿಯ ಹೆಸರು ರಿನ್ಸಿ. ಗಂಡ ಬಸ್ಸಿನಲ್ಲಿ ಕಂಡಕ್ಟರ್. ಇನ್ನೂರೈವತ್ತು ಮರ ಇದೆ, ಕೊಯ್ಯುವವರಿಲ್ಲ, ಅವಳಿಗೆ ಕಲಿಯುವ ಆಸೆ. ಹಾಲು ಒಟ್ಟುಮಾಡುವಾಗ ಅವಳು ನನ್ನ ಹತ್ತಿರವೂ ಮಾತಾಡಿದಳು. ನೀವೂ ಆ ಊರಿನವರೇನಾ ಎಂದು ಕೇಳಿದಳು. ಹೌದು ಎಂದೆ. ಅಲ್ಲೇ ಹುಟ್ಟಿದ್ದಾ ಎಂದಳು. ಅಲ್ಲ, ಸುಳ್ಯದಲ್ಲಿ ಹುಟ್ಟಿದ್ದು, ಮದುವೆಯಾಗಿ ಆ ಊರಿಗೆ ಬಂದು ಐವತ್ತು ವರ್ಷ ಆಯಿತು ಎಂದೆ.

ಹೇಳಿದ ಮೇಲೆ ಮನಸ್ಸಿನಲ್ಲೇ ಒಂದು ಕೂಡಿಸಿ ಕಳೆಯುವುದು ಮಾಡಿದೆ. ಐದನೇ ಕ್ಲಾಸಿನ ಲೆಕ್ಕ ಸಾಕು ಅದಕ್ಕೆ. ಆಮೇಲೆ ಹಾಲಿನ ಬಕೆಟು ಎತ್ತಿದೆ.

ತಿಂಡಿಗೆ ಕೂತಾಗ ರಿನ್ಸಿಯೂ ಬಂದಳು. ಬೇಬಿಗೆ ವಿಷಯ ತಿಳಿದು ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ಅವನಿಗೆ ಹುರುಪು ಬಂತು. ನೋಡು ಚೇಚ್ಚಿ, ಇಲ್ಲಿ ನಿನಗೆ ಕೆಲಸವೂ ಉಂಟು, ರಿನ್ಸಿಯ ಮರ ಕೊಯ್ಯಬಹುದು, ಇಡೀ ಊರಿಗೆ ಕಲಿಸಬಹುದು, ಜಾಗದ ವಿಷಯ ಇವತ್ತೇ ಹೇಳಿಬಿಡು ಎಂದ.

ಸರಿಯಾದ ಮಾತೇ. ನನಗೆ ತಪ್ಪು ಎನ್ನಲು ಏನೂ ಸಿಗಲಿಲ್ಲ. ಅಕ್ಕಿಹಿಟ್ಟಿನ ಪುಟ್ಟಿನ ಜೊತೆ ಕಡಲೆ ಕಲಸಿಕೊಂಡು ತಿಂದೆ.

ಏಲಿಯಮ್ಮ ಕೈ ತೊಳೆದು ಬಂದು ಹೇಳಿದಳು. "ಬೇಬಿ, ಆ ಜಾಗ ಕೇಳಿದವರಿಗೆ ಕೊಡು. ಇಲ್ಲಿ ಎಲ್ಲ ಚೆಂದ ಉಂಟು. ಆದರೆ ಅಪ್ಪ ಹೇಳಿದ್ದನ್ನು ನಂಬಿ ನಡೆದು ನಾನು ಇವತ್ತು ಕಳ್ಳಿ ಆದೆ. ನೆಲ್ಯಾಡಿಯಲ್ಲಿ ನನ್ನ ಕಣ್ಣು ಕಟ್ಟಿ ಬಿಡು. ಪಕ್ಕದವರ ಒಂದು ಮರ ಮುಟ್ಟುವವಳಲ್ಲ ನಾನು."

ಬೇಬಿ ತಟ್ಟೆಯನ್ನು ಬದಿಗೆ ಸರಿಸಿದ. ಅವನಿಗೆ ಬೇಸರವಾಯಿತು. ಆಗಬೇಕಾದದ್ದೇ. ಐದು ವರ್ಷದವನಿದ್ದಾಗ ಒಂದು ಸಲ ಬಿಟ್ಟು ಹೋದ ಅಕ್ಕ, ಈಗ ಇನ್ನೊಂದು ಸಲ.

ಏಲಿಯಮ್ಮ ಅವನ ತಲೆಯ ಮೇಲೆ ಕೈ ಇಟ್ಟಳು. ಮೀಸೆಯ ಬೇಬಿ ಅತ್ತ. ನಾನು ಇನ್ನೊಂದು ಪುಟ್ಟು ಹಾಕಿಸಿಕೊಂಡೆ. ಯಾರಾದರೂ ಒಬ್ಬರು ತಿನ್ನಬೇಕಲ್ಲ, ಮಾಡಿದವಳಿಗೆ ಬೇಸರವಾಗುತ್ತದೆ.

ರಿನ್ಸಿಗೆ ಅವಳು ಹೇಳಿದ್ದು ಇಷ್ಟೆ. ಕಲಿಯಬೇಕಾದರೆ ಬಾ. ಹತ್ತು ದಿನ ನನ್ನ ಮನೆಯಲ್ಲಿ ಇರು. ನನ್ನ ಮರಗಳ ಮೇಲೆ ಕಲಿ. ಗಾಯ ಮಾಡಿದರೆ ಊಟ ಇಲ್ಲ.

ವಾಪಸು ಬರುವ ರೈಲಿನಲ್ಲಿ ನಾನು ಸುಮ್ಮನಿರಲಿಲ್ಲ. ಸುಮ್ಮನಿರಬೇಕಿತ್ತು. ನನಗೆ ಬೇಕಾದ ಉತ್ತರ ಸಿಕ್ಕಿತ್ತಲ್ಲ? ಆದರೆ ನನ್ನನ್ನು ಕರೆದುಕೊಂಡು ಹೋದದ್ದು ಯಾಕೆ? ಹಾಗಾಗಿ ಹೇಳಿದೆ. ಆಸ್ಪತ್ರೆ ಅಲ್ಲಿ ಹತ್ತು ನಿಮಿಷ, ಇಲ್ಲಿ ಒಂದು ಗಂಟೆ, ನಿನಗೂ ಬಿಪಿ ಉಂಟು, ಯೋಚನೆ ಮಾಡು ಎಂದೆ.

"ಅಕ್ಕ, ನೀನು ನನ್ನನ್ನು ಓಡಿಸುದಾ?"

"ಓಡಿಸುದಲ್ಲ. ಇದ್ದದ್ದು ಹೇಳುದು."

"ಒಂದು ಗಂಟೆ ಅಂತ ನನಗೂ ಗೊತ್ತುಂಟು. ಎದೆ ಹಿಡಿದರೆ ನೀನು ಒಂದು ಓ ಹಾಕು, ಸಾಜು ಜೀಪು ತೆಗೀತಾನೆ."

"ಎದೆ ಹಿಡಿಯುದು ನಿನಗಾ ನನಗಾ?"

"ಯಾರಿಗೆ ಮೊದಲು ಹಿಡೀತದೋ" ಎಂದು ನಕ್ಕಳು. ಎದುರಿನ ಸೀಟಿನವನು ನಮ್ಮನ್ನು ಹುಚ್ಚರು ಎಂದುಕೊಂಡಿರಬೇಕು.

ಮನೆಗೆ ಬಂದ ಮೇಲೆ ಸಾಜು ತನ್ನ ಮೊಬೈಲು ತೆಗೆದ. ಕೇರಳದ ಮೈನಸ್ಸಿನಲ್ಲಿ ಏನು ಬರೆಯಬೇಕು ಎಂದು ನನ್ನನ್ನು ಕೇಳಿದ. ಏನೂ ಬರೆಯಬೇಡ, ಅದು ಒಳ್ಳೆಯ ಊರೇ, ನಿನ್ನ ಅಮ್ಮನ ಕಾಲಿಗೆ ಗೊತ್ತಿಲ್ಲದ ಊರು, ಅಷ್ಟೇ ಎಂದೆ. ಅವನು ತಾಯಿಯ ಕಡೆ ನೋಡಿದ. ಅವಳು ಆಗಲೇ ಬಟ್ಟೆ ಬದಲಿಸಿ ರಬ್ಬರ್ ಶೀಟು ಒಣಗಿತೋ ಇಲ್ಲವೋ ಎಂದು ನೋಡಲು ಹೋಗಿದ್ದಳು. ಸಾಜು ಲಿಸ್ಟ್ ಅಳಿಸಿದ. ಮರುದಿನ ಜೀಪಿಗೆ ಹೊಸ ಬ್ಯಾಟರಿ ಹಾಕಿಸಿದ.

ಊರು ಬದಲಿಸುವ ಲೆಕ್ಕ ಹಾಕುವವರು ಈಗ ಬಹಳ ಮಂದಿ. ಹೋಗಬೇಕೋ, ಬರಬೇಕೋ. ರಸ್ತೆ ಬರೆಯುತ್ತಾರೆ, ಶಾಲೆ ಬರೆಯುತ್ತಾರೆ, ನೀರು, ಕರೆಂಟು, ಗಾಳಿ ಎಲ್ಲ ಬರೆಯುತ್ತಾರೆ. ಬರೆಯಿರಿ, ತಪ್ಪಲ್ಲ. ಜೊತೆಗೆ ಇನ್ನೂ ಒಂದು ಸಾಲು ಬರೆಯಿರಿ. ಆ ಊರಿನಲ್ಲಿ ನನ್ನ ಕೈಗೆ ಏನು ಗೊತ್ತು, ಕಾಲಿಗೆ ಎಷ್ಟು ಗೊತ್ತು? ಇದನ್ನು ಕೇಳಿಕೊಂಡ ಮೇಲೂ ಹೋಗುವುದಾದರೆ ಖುಷಿಯಿಂದ ಹೋಗಿ. ನನಗೇನೂ ಇಲ್ಲ.

ಮತ್ತೆ ಎರಡು ವಾರದಲ್ಲಿ ರಿನ್ಸಿ ಬಂದೇ ಬಂದಳು. ಗಂಡನನ್ನು ಒಪ್ಪಿಸಿ, ಒಂದು ಬ್ಯಾಗು, ಒಂದು ಟಾರ್ಚು ಹಿಡಿದುಕೊಂಡು. ಏಲಿಯಮ್ಮ ನೆಲ್ಯಾಡಿ ಪೇಟೆಯಿಂದ ಅವಳಿಗೆ ಹೊಸ ಕತ್ತಿ ತಂದುಕೊಟ್ಟಳು. ತನ್ನದನ್ನು ಮುಟ್ಟಲು ಬಿಡಲಿಲ್ಲ. ಮೊದಲ ಮೂರು ದಿನ ರಿನ್ಸಿಗೆ ಊಟ 'ಇಲ್ಲ'. ಅಂದರೆ ಏಲಿಯಮ್ಮನ ಮನೆಯಲ್ಲಿ ಇಲ್ಲ. ತೋಡು ದಾಟಿ ನನ್ನ ಮನೆಗೆ ಬಂದು ಕುಚ್ಚಲಕ್ಕಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ ಉಂಡು ಹೋಗುತ್ತಿದ್ದಳು. ಏಲಿಯಮ್ಮನಿಗೆ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇದ್ದಳು. ನಾಲ್ಕನೆಯ ದಿನ ರಿನ್ಸಿ ಹದಿನೈದು ಮರ ಗಾಯವಿಲ್ಲದೆ ಕೊಯ್ದಳು. ಆ ದಿನ ಅಲ್ಲಿ ಕೋಳಿ ಸಾರು.

ಈಗ ಕೊನೆಯದ್ದು. ಮೊನ್ನೆ ರಾಮಕುಂಜದಲ್ಲಿ ಒಂದು ಗೃಹಪ್ರವೇಶ. ನಾವು ಮೂವರೂ ಹೋಗಿದ್ದೆವು. ಬಡಿಸುವವರು ಎಲೆ ಹಾಕುತ್ತಿದ್ದರು. ಮನೆಯ ಯಜಮಾನಿ ಬಂದು ಇವರೆಲ್ಲ ಯಾರು ಎಂದು ನನ್ನ ಹತ್ತಿರ ಕೇಳಿದಳು. ಏಲಿಯಮ್ಮ ನೀರಿನ ಲೋಟ ಸರಿಮಾಡುತ್ತಿದ್ದಳು. ನಾನೇನು ಹೇಳುತ್ತೇನೆ ಎಂದು ಅವಳಿಗೆ ಕೇಳಬೇಕಿತ್ತು, ನನಗೆ ಗೊತ್ತಾಯಿತು.

"ಇವಳು ರಿನ್ಸಿ, ಕೇರಳದವಳು. ರಬ್ಬರ್ ಕೊಯ್ಯಲಿಕ್ಕೆ ಕಲಿಯಲು ಇಲ್ಲಿಗೆ ಬಂದದ್ದು. ಇವರು ಅವಳಿಗೆ ಕಲಿಸುವವರು, ಏಲಿಯಮ್ಮ. ನೆಲ್ಯಾಡಿಯವರು."

ಯಜಮಾನಿ ಏಲಿಯಮ್ಮನ ಕೊರಳಿನ ಶಿಲುಬೆ ನೋಡಿದಳು. "ಏಲಿಯಮ್ಮನೂ ಕೇರಳದವರೇ ಅಲ್ಲವಾ?"

"ಅವಳು ನೆಲ್ಯಾಡಿಗೆ ಬಂದು ಐವತ್ತೊಂಬತ್ತು ವರ್ಷ ಆಯ್ತು, ನಾನು ಬಂದು ಐವತ್ತು" ಎಂದೆ. "ಹೊರಗಿನವರು ಯಾರಾದರೂ ಬೇಕೇ ಬೇಕು ಅಂತ ಇದ್ದರೆ ನನ್ನನ್ನು ಬರೆದುಕೊಳ್ಳಿ."